ತುಂಗೆಯ ಕ್ಯಾನು, ವೇದಾವತಿಯ ಕೊಡ

ತೀರ್ಥಹಳ್ಳಿಯಲ್ಲಿ ತುಂಗೆ ಬಂಡೆಗಳ ನಡುವೆ ನುಸುಳಿ ಹರಿಯುತ್ತಾಳೆ. ತಾಯಿಯನ್ನು ಕೊಂದ ಪರಶುರಾಮ ಕೊಡಲಿಗಂಟಿದ ರಕ್ತದ ಕಲೆಯನ್ನು ಎಲ್ಲೆಲ್ಲಿ ತೊಳೆದರೂ ಅದು ಹೋಗಲಿಲ್ಲವಂತೆ. ಕೊನೆಗೆ ಇಲ್ಲಿನ ನೀರಿನಲ್ಲಿ ಅದ್ದಿದಾಗ ಕಲೆ ಕರಗಿತಂತೆ. ಆ ಜಾಗಕ್ಕೆ ರಾಮತೀರ್ಥ ಎಂಬ ಹೆಸರಿದೆ. ಎಳ್ಳಮಾವಾಸ್ಯೆಯ ಜಾತ್ರೆಗೆ ಜನ ಅಲ್ಲಿ ಮುಳುಗಿ ಏಳುತ್ತಾರೆ. ಉಳಿದ ದಿನಗಳಲ್ಲಿ ಹೊಳೆದಂಡೆಯ ಕಲ್ಲುಗಳ ಮೇಲೆ ಬಟ್ಟೆ ಬಡಿಯುವ ಸದ್ದು ಕೇಳುತ್ತದೆ. ‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಮಾತು ಕನ್ನಡ ನಾಡಿನಲ್ಲೆಲ್ಲ ಪ್ರಸಿದ್ಧ. ಆದರೆ ಬಟ್ಟೆ ಒಗೆಯುವುದಕ್ಕೂ ತುಂಗೆಯೇ ಮೇಲು ಎಂದು ಈ ಸೀಮೆಯ ಹೆಂಗಸರನ್ನು ಕೇಳಿದರೆ ಹೇಳಿಯಾರು.

ತೀರ್ಥಹಳ್ಳಿಗೆ ಹತ್ತಿರದ ಒಂದು ಹಳ್ಳಿಯ ಮನೆಯಲ್ಲಿ 2022ರ ಆಗಸ್ಟ್‌ನಲ್ಲಿ ಮಗಳ ಬಾಣಂತನ ನಡೆಯಿತು. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿ.ಮೀ.ನಷ್ಟು ಮಳೆ. ಅಂಥ ಕಡೆ ಆಗಸ್ಟ್ ತಿಂಗಳ ಕೂಸು ಎಂದರೆ ತಾಯಿಗಿಂತ ಅಜ್ಜಿಗೇ ಹೆಚ್ಚು ಕೆಲಸ. ಹಳೆಯ ಹತ್ತಿ ಸೀರೆ, ಸವೆದ ಪಂಚೆಗಳನ್ನು ಹರಿದು ಮಾಡಿದ ಲಂಗೋಟಿಗಳು ದಿನಕ್ಕೆ ಇಪ್ಪತ್ತು ಒದ್ದೆಯಾದರೆ ಒಣಗುವುದು ಐದೋ ಆರೋ. ಬಿಸಿಲಿನ ಮುಖ ಕಾಣದ ಆ ದಿನಗಳಲ್ಲಿ ಬಚ್ಚಲೊಲೆಯ ಮೇಲೆ ಗಳ ಕಟ್ಟಿ, ಅಗ್ಗಿಷ್ಟಿಕೆಯ ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಒಂದೊಂದೇ ಬಟ್ಟೆ ಹರವಿ ಅಜ್ಜಿ ಒಣಗಿಸಿದರು. ಬಟ್ಟೆಗೆ ಹೊಗೆಯ ವಾಸನೆ ಹಿಡಿಯುತ್ತಿತ್ತು. ಆದರೆ ಮುಟ್ಟಿದರೆ ಬೆಣ್ಣೆ.

ಐದನೆಯ ತಿಂಗಳಲ್ಲಿ ಕೂಸು ತಂದೆಯ ಊರಿಗೆ ಹೊರಟಿತು. ಜೊತೆಗೆ ಒಂದು ಟ್ರಂಕಿನ ತುಂಬ ಆ ಮೆತ್ತನೆಯ ಬಟ್ಟೆಗಳು. ಹೋಗಬೇಕಾದ ಊರು ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆಗಿತ್ತು. ಇಲ್ಲಿಯೂ ಪರಶುರಾಮ, ಅಲ್ಲಿಯೂ ಪರಶುರಾಮ. ನಡುವೆ ಇನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ.

ಹಸಿರಿನಿಂದ ಬಯಲಿಗೆ

ತೀರ್ಥಹಳ್ಳಿಯಿಂದ ಪೂರ್ವಕ್ಕೆ ಹೊರಟ ಬಸ್ಸು ಶಿವಮೊಗ್ಗ ತಲುಪುವ ಹೊತ್ತಿಗೆ ಕಾಡು ಹಿಂದೆ ಸರಿದು ಗದ್ದೆ, ತೋಟ ಕಾಣಿಸುತ್ತವೆ. ಚನ್ನಗಿರಿಯ ಸುತ್ತ ಇನ್ನೂ ಅಡಿಕೆ ತೋಟಗಳಿವೆ. ಹೊಳಲ್ಕೆರೆ ದಾಟಿದ ಮೇಲೆ ಗುಡ್ಡಗಳು ಬೋಳಾಗುತ್ತವೆ, ಆಕಾಶ ದೊಡ್ಡದಾಗುತ್ತದೆ. ಚಿತ್ರದುರ್ಗದ ಕೋಟೆಯ ಬಂಡೆಗಳನ್ನು ಹಿಂದೆ ಬಿಟ್ಟು ಚಳ್ಳಕೆರೆ ಸೇರುವಾಗ ಕಣ್ಣಿಗೆ ಬೀಳುವುದು ಶೇಂಗಾ ಹೊಲ, ಜಾಲಿ, ಕೆಂಪು ಮಣ್ಣು, ಅಲ್ಲಲ್ಲಿ ಎಣ್ಣೆ ಗಿರಣಿ. ವರ್ಷದ ಮಳೆ ಇಲ್ಲಿ ಸುಮಾರು 500 ಮಿ.ಮೀ. ಅಂದರೆ ಆಗುಂಬೆಯ ಹದಿನೈದರಲ್ಲಿ ಒಂದು ಪಾಲು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಚಳ್ಳಕೆರೆ ಸೇರುತ್ತದೆ.

ಈ ಸೀಮೆ ಕುರಿಗೂ ಕಂಬಳಿಗೂ ಹೆಸರುವಾಸಿ. ಕಂಬಳಿ ನೇಯುವ ಕುರುಬರು ಹಾಸಿನ ಉಣ್ಣೆ ನೂಲಿಗೆ ಹುಣಸೆ ಬೀಜದ ಸರಿಯನ್ನು ಬಳಿದು ಬಿರುಸು ಮಾಡುತ್ತಾರೆ. ಬಿರುಸಾಗಿದ್ದರೇ ನೂಲು ಮಗ್ಗದಲ್ಲಿ ನಿಲ್ಲುವುದು. ಬಟ್ಟೆ ಒರಟಾಗುವುದು ಇಲ್ಲಿ ಒಂದು ಕಸುಬಿನ ಗುಟ್ಟು. ಆದರೆ ಕೂಸಿನ ಲಂಗೋಟಿಗೆ ಆ ಬಿರುಸು ಬಂದರೆ?

ಬಂದೇಬಿಟ್ಟಿತು. ಮೊದಲ ವಾರ ಮಗಳಿಗೆ ಖುಷಿಯೋ ಖುಷಿ. ಮಲೆನಾಡಿನಲ್ಲಿ ಎರಡು ದಿನವಾದರೂ ಒಣಗದ ಬಟ್ಟೆ ಇಲ್ಲಿ ಒಂದೇ ಗಂಟೆಯಲ್ಲಿ ಗರಿಗರಿ. ಎರಡನೆಯ ವಾರ ಆ ಗರಿಗರಿಯೇ ಚಿಂತೆಗೆ ಕಾರಣವಾಯಿತು. ತಿಂಗಳು ಕಳೆಯುವಷ್ಟರಲ್ಲಿ ಅಮ್ಮನ ಹಳೆಯ ಸೀರೆಯ ತುಂಡುಗಳು ಹಪ್ಪಳದಂತಾದವು. ಬಿಳಿಯದಕ್ಕೆ ಬೂದಿ ಬಣ್ಣ ಬಂತು. ಉಚ್ಚೆ ಹೊಯ್ದರೆ ಬಟ್ಟೆ ಹೀರಿಕೊಳ್ಳುವ ಬದಲು ಪಕ್ಕಕ್ಕೆ ಹರಿಯಿತು. ಕೂಸಿನ ತೊಡೆಸಂದು ಕೆಂಪಾಗಿ, ರಾತ್ರಿಯೆಲ್ಲ ಅಳು.

ಮನೆಯಲ್ಲಿ ಮಾತು ಬೆಳೆಯಿತು. “ಮಲೆನಾಡಿನೋರಿಗೆ ಬಟ್ಟೆ ಒಗೆಯಾಕೆ ಎಲ್ಲಿ ಬರ್ತದೆ? ಹೊಳೆಯಾಗೆ ಅದ್ದಿ ತೆಗೆಯೋದೇ ರೂಢಿ” ಎಂದರು ಅತ್ತೆ. ಫೋನಿನಲ್ಲಿ ತಾಯಿಯದು ಇನ್ನೊಂದು ರಾಗ. “ಸೋಪು ಹೋಗುವಷ್ಟು ಜಾಲಿಸ್ತೀಯೇನೇ? ಎರಡು ನೀರು ಸಾಲದು, ನಾಲ್ಕು ನೀರು ಹಾಕು ಮಾರಾಯ್ತಿ.” ಮಗಳು ನಾಲ್ಕಲ್ಲ, ಆರು ನೀರು ಹಾಕಿದಳು. ಬಟ್ಟೆ ಇನ್ನಷ್ಟು ಬಿರುಸಾಯಿತು. ಅಳಿಯ ಚಳ್ಳಕೆರೆಯ ಅಂಗಡಿಯಿಂದ ಬಟ್ಟೆ ಮೆದುಗೊಳಿಸುವ ದ್ರಾವಣದ ಬಾಟಲಿ ತಂದ. ಬಟ್ಟೆ ಘಮ ಘಮ ಎಂದಿತು, ಮುಟ್ಟಲು ತುಸು ನುಣುಪೂ ಆಯಿತು. ಆದರೆ ನೀರು ಹೀರುವುದನ್ನು ಮತ್ತಷ್ಟು ಬಿಟ್ಟಿತು. ಅಂಥ ದ್ರಾವಣ ನೂಲಿಗೆ ಜಿಡ್ಡಿನ ತೆಳು ಪದರ ಹಚ್ಚಿ ನುಣುಪು ಕೊಡುತ್ತದೆ. ಸೀರೆಗೆ ಅದು ಸರಿ, ಲಂಗೋಟಿಗೆ ಅಲ್ಲ.

ಎರಡು ಬಾಟಲಿಗಳ ಪರೀಕ್ಷೆ

ಮಾರ್ಚ್ ತಿಂಗಳಲ್ಲಿ ಅಜ್ಜಿಯೇ ಬಸ್ಸು ಹತ್ತಿ ಬಂದರು. ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು, ಪೂಜೆಗೆಂದು ಐದು ಲೀಟರಿನ ಕ್ಯಾನಿನಲ್ಲಿ ತುಂಗೆಯ ನೀರು. ಬಂದ ಮರುದಿನವೇ ಸೆರಗು ಸಿಕ್ಕಿಸಿ ಬಟ್ಟೆ ಒಗೆಯಲು ಕೂತರು. ಮಗಳಿಗೆ ಬಾರದ ಕೆಲಸ ತಮಗೆ ಬರುತ್ತದೆ ಎಂಬ ಭರವಸೆ. ಸೋಪು ಉಜ್ಜಿದರು, ಉಜ್ಜಿಯೇ ಉಜ್ಜಿದರು, ನೊರೆಯೇ ಏಳಲಿಲ್ಲ. ಬಕೆಟ್ಟಿನ ಮೇಲೆ ಮೊಸರೊಡೆದಂತೆ ಬಿಳಿ ಬಿಳಿ ಗಸಿ ತೇಲಿತು. ಸಂಜೆ ಹಗ್ಗದಿಂದ ತೆಗೆದ ಬಟ್ಟೆ ರಟ್ಟಿನಂತೆ ನೆಟ್ಟಗೆ ನಿಂತಿತು. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತರು. ತಿಂಗಳುಗಟ್ಟಲೆ ಮಗಳನ್ನು ಫೋನಿನಲ್ಲಿ ಬೈದದ್ದು ಆಗ ನೆನಪಿಗೆ ಬಂದಿರಬೇಕು.

ಆ ರಾತ್ರಿ ಇನ್ನೊಂದು ಸಂಗತಿ ನಡೆಯಿತು. ತೊಗರಿಬೇಳೆ ಎಷ್ಟು ಕುದಿಸಿದರೂ ಬೇಯಲಿಲ್ಲ. “ನಮ್ಮ ಬೋರಿನ ನೀರಿಗೆ ಬೇಳೆ ಬೇಯಲ್ಲ ಬೀಗಿತ್ತಿಯವರೇ, ಕುಕ್ಕರಿನಾಗೂ ಚಿಟಿಕೆ ಸೋಡ ಹಾಕ್ಬೇಕು” ಎಂದರು ಅತ್ತೆ. ಒಲೆಯ ಮೇಲಿನ ಹಂಡೆಯ ಒಳಗೆ ಸುಣ್ಣದ ಬಿಳಿ ಹೊಪ್ಪಳೆ ಬೆರಳುಗುರಿನಷ್ಟು ದಪ್ಪ ಕೂತಿತ್ತು. ಅಜ್ಜಿಗೆ ತಟ್ಟನೆ ಏನೋ ಹೊಳೆಯಿತು. ಎರಡು ಖಾಲಿ ಬಾಟಲಿ ತರಿಸಿದರು. ಒಂದಕ್ಕೆ ಕ್ಯಾನಿನ ತುಂಗೆ ನೀರು, ಇನ್ನೊಂದಕ್ಕೆ ಬೋರಿನ ನೀರು, ಎರಡಕ್ಕೂ ಹೆರೆದ ಸೋಪಿನ ಸಮ ಚೂರು. ಮುಚ್ಚಳ ಹಾಕಿ ಕುಲುಕಿದಾಗ ತುಂಗೆಯ ಬಾಟಲಿ ಕುತ್ತಿಗೆಯವರೆಗೆ ನೊರೆ ತುಂಬಿ ನಿಂತಿತು. ಬೋರಿನ ಬಾಟಲಿಯಲ್ಲಿ ನೊರೆಯಿಲ್ಲ, ಮಜ್ಜಿಗೆ ನೀರಿನಂಥ ಬಿಳುಪು ಮಾತ್ರ. ಅತ್ತೆ, ಸೊಸೆ, ಅಜ್ಜಿ ಮೂವರೂ ಎರಡು ಬಾಟಲಿಗಳನ್ನು ನೋಡಿದರು. ಯಾರೂ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಶಾಲೆಯ ಪ್ರಯೋಗಾಲಯದಲ್ಲಿ ಗಡಸು ನೀರು, ಮೆದು ನೀರು ಎಂಬ ಪಾಠಕ್ಕೆ ಮಾಡಿ ತೋರಿಸುವುದೂ ಇದೇ ಪರೀಕ್ಷೆ. ಮಳೆಯ ನೀರಿನಲ್ಲಿ ಲವಣಾಂಶ ತೀರಾ ಕಡಿಮೆ. ಮಲೆನಾಡಿನಲ್ಲಿ ಸಾವಿರಾರು ವರ್ಷ ಸುರಿದ ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದೊಯ್ದಿದೆ. ಹಾಗಾಗಿ ಬಿದ್ದ ನೀರು ಹೆಚ್ಚೇನನ್ನೂ ಕರಗಿಸಿಕೊಳ್ಳದೆ ಹೊಳೆ ಸೇರುತ್ತದೆ. ಬಯಲುಸೀಮೆಯ ಕತೆ ಬೇರೆ. ಬಿದ್ದ ಅಲ್ಪ ಮಳೆಯಲ್ಲಿ ಬಹುಪಾಲು ಬಿಸಿಲಿಗೆ ಆವಿಯಾಗಿ, ಲವಣ ಮಣ್ಣಿನಲ್ಲೇ ಉಳಿಯುತ್ತದೆ. ಕೆಳಗಿಳಿದ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಕೊಳವೆ ಬಾವಿ ಆಳಕ್ಕೆ ಹೋದಷ್ಟೂ ಸಿಗುವುದು ಹೀಗೆ ಹಳತಾದ ನೀರು. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ದಾರಿಯಿಲ್ಲದ ಕಡೆ 600ರವರೆಗೆ ಒಪ್ಪಬಹುದು.

ಈ ನೀರಿಗೆ ಸೋಪು ಸೇರಿದಾಗ ಏನಾಗುತ್ತದೆ? ಸೋಪು ಎಂದರೆ ಕೊಬ್ಬಿನ ಆಮ್ಲದ ಸೋಡಿಯಂ ಲವಣ. ನೀರಿನಲ್ಲಿರುವ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಹೊರದೂಡಿ ತಾನು ಕೂತುಬಿಡುತ್ತದೆ. ಹೀಗೆ ಹುಟ್ಟಿದ ಸುಣ್ಣದ ಸೋಪು ನೀರಿನಲ್ಲಿ ಕರಗುವುದಿಲ್ಲ. ಅದೇ ಬಕೆಟ್ಟಿನ ಬಿಳಿ ಗಸಿ. ಹತ್ತಿಯ ಎಳೆಗಳ ನಡುವೆ ಮೇಣದಂತೆ ಅಂಟಿಕೊಂಡು ಅದು ಬಟ್ಟೆಯನ್ನು ಬಿರುಸೂ ಮಾಡುತ್ತದೆ, ನೀರು ಹೀರದಂತೆಯೂ ಮಾಡುತ್ತದೆ. ಎಲ್ಲಕ್ಕಿಂತ ಸೋಜಿಗದ ಮಾತೆಂದರೆ, ಹೆಚ್ಚು ಗಸಿ ಕೂರುವುದು ಜಾಲಿಸುವಾಗ. ಬಟ್ಟೆಯೊಳಗೆ ಉಳಿದ ಸೋಪಿಗೆ ಪ್ರತಿ ಸಲದ ಹೊಸ ನೀರಿನಿಂದ ಹೊಸ ಕ್ಯಾಲ್ಸಿಯಂ ಸಿಗುತ್ತದೆ. ನಾಲ್ಕು ನೀರು ಹಾಕು ಎಂದ ತಾಯಿಯ ಬುದ್ಧಿವಾದ ತೀರ್ಥಹಳ್ಳಿಯಲ್ಲಿ ನೂರಕ್ಕೆ ನೂರು ನಿಜ. ಪರಶುರಾಂಪುರದಲ್ಲಿ ಅದೇ ತಿರುಗುಬಾಣವಾಯಿತು.

ಮಡಿವಾಳರ ಕೇರಿಯ ಪಾಠ

ಕಾರಣವೇನೋ ತಿಳಿಯಿತು, ಉಪಾಯ? ಐದು ಲೀಟರಿನ ಕ್ಯಾನು ಎಷ್ಟು ದಿನ ಬಂದೀತು? ದಾರಿ ತೋರಿಸಿದ್ದು ಊರಿನ ಮಡಿವಾಳರ ಕೇರಿಯ ಹಿರಿಯಾಕೆ. ಹಿಂದೆ ಊರಿನ ಬಾಣಂತಿಯರ ಬಟ್ಟೆಯೆಲ್ಲ ಈಕೆಯ ಮನೆಯವರ ಕೈಯಲ್ಲೇ ಮಡಿಯಾಗುತ್ತಿತ್ತು. ಚೌಳು ಮಣ್ಣಿನಲ್ಲಿ ನೆನೆಸಿ, ಉಬ್ಬೆಗಿಟ್ಟು, ಹಳ್ಳದಲ್ಲಿ ಸೆಣೆದು ತರುತ್ತಿದ್ದರು. ಮನೆಮನೆಗೆ ಸೋಪಿನ ಪುಡಿ ಬಂದ ಮೇಲೆ ಈಕೆಯನ್ನು ಕೇಳುವವರು ಇಲ್ಲವಾಗಿದ್ದರು. “ನೀರಿಗೆ ಮೊದ್ಲು ಉಣ್ಣಾಕೆ ಕೊಡ್ಬೇಕು ಕಣವ್ವಾ. ಅದರ ಹಸಿವು ಇಂಗಿದ ಮ್ಯಾಲೆ ಸೋಪು ಹಾಕಿದ್ರೆ ಸೋಪು ಉಳೀತದೆ” ಎಂದು ಆಕೆ ನಕ್ಕಳು. ರಸಾಯನಶಾಸ್ತ್ರದ ಯಾವ ಪುಸ್ತಕವೂ ಇಷ್ಟು ಚುಟುಕಾಗಿ ಹೇಳಲಾರದು.

ಆಕೆ ತೋರಿಸಿದ ಕ್ರಮ ಹೀಗಿತ್ತು. ಹಿಂದಿನ ರಾತ್ರಿಯೇ ಹದಿನೈದು ಲೀಟರಿನ ಬಕೆಟ್ಟಿಗೆ ಎರಡು ಟೀ ಚಮಚ ಬಟ್ಟೆ ಸೋಡ ಹಾಕಿ ಕದಡಿ ಬಿಡುವುದು. ಸೋಡ ಸಿಗದ ಕಾಲದಲ್ಲಿ ಸೌದೆಯ ಬೂದಿಯನ್ನು ಬಟ್ಟೆಯಲ್ಲಿ ಸೋಸಿದ ತಿಳಿನೀರು ಇದೇ ಕೆಲಸ ಮಾಡುತ್ತಿತ್ತು. ಬೆಳಗಾಗುವಷ್ಟರಲ್ಲಿ ಸುಣ್ಣವೆಲ್ಲ ಗಟ್ಟಿಯಾಗಿ ತಳಕ್ಕಿಳಿದಿರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಮೆಲ್ಲನೆ ಬಗ್ಗಿಸಿಕೊಳ್ಳಬೇಕು. ತಳದ ಗಸಿ ಬೆರೆತರೆ ಮಾಡಿದ್ದೆಲ್ಲ ವ್ಯರ್ಥ. ಒದ್ದೆಯಾದ ಲಂಗೋಟಿಯನ್ನು ಮೂಲೆಯಲ್ಲಿ ಗುಡ್ಡೆ ಹಾಕದೆ ಕೂಡಲೇ ತಣ್ಣೀರಿನಲ್ಲಿ ಹಿಂಡಿಡಬೇಕು. ಇಲ್ಲವಾದರೆ ಉಚ್ಚೆಯ ಯೂರಿಯಾ ಸೂಕ್ಷ್ಮಜೀವಿಗಳಿಂದ ಒಡೆದು ಅಮೋನಿಯ ಆಗುತ್ತದೆ, ಮೂಗಿಗೆ ಹೊಡೆಯುವ ವಾಸನೆ ಅದರದೇ. ಒಗೆಯುವುದು ತಿಳಿನೀರನ್ನು ಬಿಸಿ ಮಾಡಿಕೊಂಡು, ಸೋಪು ಅರ್ಧಕ್ಕರ್ಧ ಕಡಿಮೆ. ಮೊದಲ ಎರಡು ಸಲ ಜಾಲಿಸುವುದೂ ತಿಳಿನೀರಿನಲ್ಲೇ ಆಗಬೇಕು. ಇದೇ ಮುಖ್ಯ ಗುಟ್ಟು. ಸೋಪೆಲ್ಲ ಹೋದ ಮೇಲೆ ಬರಿಯ ಬೋರಿನ ನೀರು ಹಾಕಿದರೂ ಗಸಿ ಹುಟ್ಟುವುದಿಲ್ಲ. ಕೊನೆಗೆ ಸೋಡದ ಕ್ಷಾರ ಉಳಿಯದಂತೆ ಒಂದು ಬಕೆಟ್ಟಿಗೆ ಅರ್ಧ ನಿಂಬೆಹಣ್ಣು ಹಿಂಡಿ ಅದ್ದಿ ತೆಗೆದು, ಇನ್ನೊಮ್ಮೆ ಜಾಲಿಸಿದರಾಯಿತು.

ಸೋಪೇ ಬೇಡವೆನ್ನುವವರಿಗೆ ಅಂಟುವಾಳವಿದೆ. ಅದರ ಕಾಯಿಯ ನೊರೆಗೆ ಕಾರಣವಾದ ಸ್ಯಾಪೊನಿನ್ ಸುಣ್ಣದೊಡನೆ ಸೇರಿ ಗಸಿ ಕಟ್ಟುವುದಿಲ್ಲ.

ಆಗಲೇ ಹಪ್ಪಳವಾಗಿದ್ದ ಹಳೆಯ ಬಟ್ಟೆಗಳ ಗತಿ? ಅವನ್ನು ಹುಳಿ ನೀರಿನಲ್ಲಿ ಒಂದು ತಾಸು ನೆನೆಸಿದರು. ನಿಂಬೆಯ ಆಮ್ಲ ಸುಣ್ಣದ ಸೋಪನ್ನು ಒಡೆದು ಸುಣ್ಣವನ್ನು ನೀರಿಗೆ ಬಿಡುತ್ತದೆ. ಕೊಬ್ಬಿನ ಅಂಶ ಬಟ್ಟೆಯಲ್ಲೇ ಉಳಿಯುತ್ತದೆ. ಅದನ್ನು ತೆಗೆಯಲು ಸೋಡದ ತಿಳಿನೀರಿನಲ್ಲಿ ಚೆನ್ನಾಗಿ ಕುದಿಸಬೇಕು. ಹುಳಿಯಾದ ಮೇಲೆ ಸೋಡ ಎಂಬ ಈ ಸರದಿ ತಪ್ಪಬಾರದು. ಎರಡನ್ನೂ ಒಟ್ಟಿಗೆ ಸುರಿದರೆ ಒಂದನ್ನೊಂದು ಕೊಂದುಕೊಂಡು ಬರೀ ಗುಳ್ಳೆಯೇಳುತ್ತದೆ. ಕುದಿಸಿದ ಹಂಡೆಯಿಂದ ಹೊರಬಂದ ನೀರು ಬೂದುಬಣ್ಣದ ಗಂಜಿಯಂತಿತ್ತು. ಒಂದು ತಿಂಗಳ ಜಗಳವೆಲ್ಲ ಆ ನೀರಿನಲ್ಲಿ ಇಳಿದು ಬಂದಂತಿತ್ತು ಎಂದರೂ ತಪ್ಪಿಲ್ಲ.

ಗಾಳಿಗೆ ಕೊಡಬೇಕಾದ ಕೆಲಸ

ಅರ್ಧ ಕೆಲಸ ಹಗ್ಗದ ಮೇಲೆ ನಡೆಯುತ್ತದೆ. ಮೆದು ನೀರಿನಲ್ಲಿ ಒಗೆದ ಹತ್ತಿ ಬಟ್ಟೆಯೂ ಅಲುಗಾಡದೆ ಒಣಗಿದರೆ ಸ್ವಲ್ಪ ಬಿರುಸಾಗುತ್ತದೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯ ಮತ್ತು ಕಾವೊ ಕಂಪನಿಯ ಸಂಶೋಧಕರು 2020ರಲ್ಲಿ ಇದಕ್ಕೆ ಕಾರಣ ತೋರಿಸಿದರು. ಒಣಗಿದಂತೆ ಕಾಣುವ ಹತ್ತಿಯ ಎಳೆಗಳ ಮೇಲೆ ಸ್ವಲ್ಪ ನೀರು ಬಿಗಿಯಾಗಿ ಅಂಟಿಕೊಂಡೇ ಇರುತ್ತದೆ. ಅದು ಎಳೆಗೂ ಎಳೆಗೂ ನಡುವೆ ಗೋಂದಿನಂತೆ ಕೆಲಸ ಮಾಡುತ್ತದೆ. ಆ ಬೆಸುಗೆ ಬಿಡಿಸಲು ಔಷಧಿ ಬೇಡ, ಕೈ ಸಾಕು. ಹಿಂಡಿದ ಬಟ್ಟೆಯನ್ನು ಪಟಪಟನೆ ಕೊಡವಿ ಹರವುವುದು, ಉರಿಬಿಸಿಲಿಗಿಂತ ಗಾಳಿಯಾಡುವ ಕಡೆ ಒಣಹಾಕುವುದು, ಮಡಿಸುವ ಮುನ್ನ ಎರಡು ಅಂಗೈಗಳ ನಡುವೆ ಒಮ್ಮೆ ಉಜ್ಜುವುದು. ಅಗ್ಗಿಷ್ಟಿಕೆಯ ಬುಟ್ಟಿಯ ಮೇಲೆ ಅಜ್ಜಿ ಮತ್ತೆ ಮತ್ತೆ ಮಗುಚಿ, ಉಜ್ಜಿ ನೋಡುತ್ತಿದ್ದದ್ದು ಒಣಗಿತೇ ಎಂದು ತಿಳಿಯಲಿಕ್ಕೆ. ತಿಳಿಯದೆಯೇ ಅವರು ಬಟ್ಟೆಯನ್ನು ಮೆದುವೂ ಮಾಡುತ್ತಿದ್ದರು.

ಪರಶುರಾಂಪುರದ ಕಡೆಯ ಬಯಲಿನಲ್ಲಿ ಗಾಳಿಗೇನು ಬರವೇ? ಹಿತ್ತಿಲ ಬೇವಿನ ಮರಕ್ಕೆ ಹಗ್ಗ ಕಟ್ಟಿದರು. ನೆರಳೂ ಸಿಕ್ಕಿತು, ಗಾಳಿಯೂ ಸಿಕ್ಕಿತು. ಸೂಕ್ಷ್ಮಜೀವಿ ಸಾಯಲೆಂದು ಕೊನೆಯ ಅರ್ಧ ಗಂಟೆ ಮಾತ್ರ ಬಿಸಿಲಿಗೆ. ಹತ್ತು ದಿನಗಳಲ್ಲಿ ಕೂಸಿನ ಕೆಂಪು ಇಳಿಯಿತು. ಬಟ್ಟೆಯ ಬಿರುಸಿನ ಉಜ್ಜಾಟ ತಪ್ಪಿತು, ಒದ್ದೆ ನಿಲ್ಲುವುದೂ ತಪ್ಪಿತು. ಜೊತೆಗೆ ಚಳ್ಳಕೆರೆಯ ವೈದ್ಯರು ಕೊಟ್ಟ ಮುಲಾಮೂ ಇತ್ತೆನ್ನಿ. ಕೂಸು ರಾತ್ರಿ ಮಲಗಿತು, ಮನೆಯೂ ಮಲಗಿತು.

ಅಜ್ಜಿ ಹೊರಡುವ ಹಿಂದಿನ ದಿನ ಅಳಿಯ ತಾರಸಿ ಅಳೆದ. ಉದ್ದ ಹತ್ತು ಮೀಟರ್, ಅಗಲ ಹತ್ತು ಮೀಟರ್. ನೂರು ಚದರ ಮೀಟರಿನ ಮೇಲೆ ವರ್ಷಕ್ಕೆ 500 ಮಿ.ಮೀ. ಮಳೆ ಎಂದರೆ 50,000 ಲೀಟರ್. ಐದರಲ್ಲಿ ಒಂದು ಪಾಲು ಚೆಲ್ಲಿ ಹೋದರೂ 40,000 ಲೀಟರ್ ಕೈಗೆ ಸಿಕ್ಕೀತು. ದಿನಕ್ಕೆ ನೂರು ಲೀಟರ್ ಮೆದು ನೀರು, ತುಂಗೆಯದಕ್ಕಿಂತಲೂ ಮೆದು. ಬರಗಾಲದ ಸೀಮೆಯಲ್ಲೂ ಸುಣ್ಣವಿಲ್ಲದ ನೀರು ಆಕಾಶದಿಂದ ಮನೆ ಬಾಗಿಲಿಗೇ ಬರುತ್ತದೆ. ಬೇಕಾದದ್ದು ಒಂದು ಪೈಪು, ಒಂದು ಸೋಸುವ ಗುಂಡಿ, ಒಂದು ತೊಟ್ಟಿ. ಮೇ ತಿಂಗಳ ಅಡ್ಡಮಳೆಗೆ ಮೊದಲೇ ಡ್ರಮ್ಮು ಬಂದು ಕೂತಿತು. ಒಂದೇ ಸಂಜೆಯ ಹತ್ತು ಮಿ.ಮೀ. ಮಳೆ ಆ ತಾರಸಿಯಿಂದ ಸಾವಿರ ಲೀಟರ್ ಇಳಿಸಬಲ್ಲದು. ಡ್ರಮ್ಮು ತುಂಬಿ ಹರಿದಾಗಲೇ ತೊಟ್ಟಿಯ ಅಗತ್ಯ ಎಷ್ಟೆಂದು ಮನೆಯವರಿಗೆ ಅರಿವಾದದ್ದು.

ಈ ಊರಿನ ಪಕ್ಕದ ಸೀಮೆಯಲ್ಲಿ ಹರಿಯುವ ವೇದಾವತಿಗೆ ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಅಡ್ಡವಾಗಿದೆ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ತುಂಬಿ ಹರಿದದ್ದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ. ಅದು ಈ ಕೂಸು ಹುಟ್ಟಿದ ಮರುತಿಂಗಳು. ತುಂಗೆಯೂ ವೇದಾವತಿಯೂ ಹುಟ್ಟುವುದು ಒಂದೇ ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳಲ್ಲಿ. ಒಬ್ಬಳು ಮಲೆನಾಡಿನ ನೆರಳಲ್ಲಿ ನಡೆದರೆ ಇನ್ನೊಬ್ಬಳು ಬಯಲಿನ ಬಿಸಿಲಲ್ಲಿ ಹಗರಿ ಎಂಬ ಹೆಸರು ಹೊತ್ತು ಬಳ್ಳಾರಿ ಜಿಲ್ಲೆಯವರೆಗೆ ಸಾಗಿ, ಅಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ.

ಬಸ್ಸು ಹತ್ತುವಾಗ ಅಜ್ಜಿಯ ಖಾಲಿ ಕ್ಯಾನಿಗೆ ಅತ್ತೆ ಶೇಂಗಾ ಎಣ್ಣೆ ತುಂಬಿ ಕೊಟ್ಟರು. “ಮುಂದಿನ ಸಲ ನೀರು ತರಬೇಡಿ ಬೀಗಿತ್ತಿಯವರೇ, ನೀವು ಬಂದ್ರೆ ಸಾಕು” ಎಂದರು. ಬೇವಿನ ಮರದ ಹಗ್ಗದ ಮೇಲೆ ಹಳೆಯ ಸೀರೆಯ ತುಂಡುಗಳು ಗಾಳಿಗೆ ಪಟಪಟಿಸುತ್ತಿದ್ದವು.